ಒತ್ತು ಉದುರಿದರೆ ಕಂಪನಿ ಹೊಣೆಯಲ್ಲ

ಬಳಸುವ ಮುನ್ನ

‘ಸ್ಫೂರ್ತಿ’ಯನ್ನು ಮನೆಗೆ ತಂದಿದ್ದಕ್ಕೆ ಧನ್ಯವಾದಗಳು. ಅಂಗಡಿಯ ಬೋರ್ಡು, ನಾಟಕದ ಪೋಸ್ಟರು, ಯುವಕ ಸಂಘದ ಲಾಂಛನ, ಷಡ್ಡಕನ ಮಗಳ ಮದುವೆ ಕಾರ್ಡು, ಇವುಗಳಲ್ಲೊಂದನ್ನು ‘ಅದಕ್ಕೇನಂತೆ, ನಾಳೆ ಬೆಳಿಗ್ಗೆ ಕೊಟ್ಟುಬಿಡ್ತೀನಿ’ ಎಂದು ಒಪ್ಪಿಕೊಂಡು, ರಾತ್ರಿ ಹನ್ನೊಂದಕ್ಕೆ ಬಿಳೀ ಪರದೆಯೆದುರು ಬೆವರುತ್ತಾ ಕೂತವರಿಗಾಗಿಯೇ ಈ ಉಪಕರಣವನ್ನು ತಯಾರಿಸಲಾಗಿದೆ. ಇದಕ್ಕೆ ಕರೆಂಟು ಬೇಕಿಲ್ಲ. ಚಪ್ಪಲಿ ಬೇಕು.

ಕೈಪಿಡಿಯನ್ನು ಓದಿದ ಮೇಲೆ ಜೋಪಾನವಾಗಿ ಎತ್ತಿಡಿ. ನಮ್ಮ ಮನೆಯ ಮಿಕ್ಸಿ ಕೆಟ್ಟು ಗುಜರಿಗೆ ಹೋಗಿ ಆರು ವರ್ಷವಾದರೂ ಅದರ ಕೈಪಿಡಿಯನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ಅದರ ಕನ್ನಡ ಪುಟದಲ್ಲಿ ಒಂದೇ ಒಂದು ಒತ್ತಕ್ಷರವೂ ತನ್ನ ಜಾಗಕ್ಕೆ ಇಳಿದಿಲ್ಲ. ಎಲ್ಲವೂ ಸೀಟು ಸಿಗದ ಪ್ರಯಾಣಿಕರ ಹಾಗೆ ಮೇಲಿನ ಸಾಲಿನಲ್ಲೇ ನಿಂತುಕೊಂಡು ಬಂದಿವೆ. ‘ಎಚ್ಚರಿಕೆ’ ಎಂಬ ಮಾತೇ ‘ಎಚ್‌ಚರಿಕೆ’ ಎಂದು ಮುರಿದಿದೆ. ಬ್ಲೇಡಿಗೆ ಬೆರಳು ಕೊಡಬೇಡಿ ಎನ್ನಬೇಕಾದ ಪದ ತಾನೇ ಬೆರಳು ಕೊಯ್ದುಕೊಂಡು ಕೂತಿದೆ.

ಪೆಟ್ಟಿಗೆಯಲ್ಲಿರುವ ಬಿಡಿಭಾಗಗಳು

ಪೆಟ್ಟಿಗೆ ಬಿಚ್ಚಿ ಎಲ್ಲ ಬಂದಿದೆಯೇ ನೋಡಿಕೊಳ್ಳಿ. ಒಂದು ಸ. ಅದರ ಕೆಳಗೆ ಫ ಒತ್ತು. ಬಲಕ್ಕೆ ಕೊಂಬು, ಕೊಂಬಿಗೊಂದು ದೀರ್ಘ. ಆಮೇಲೆ ಒಂದು ತ, ಅದರ ತಲೆಗೆ ಗುಡಿಸು, ಕಟ್ಟಕಡೆಗೆ ಒಂದು ಅರ್ಕಾವತ್ತು. ಬಾಯಲ್ಲಿ ಎರಡೇ ಅಕ್ಷರದ ಪದ. ಬಿಚ್ಚಿ ಹರಡಿದರೆ ಏಳು ಭಾಗ.

ಇಂಗ್ಲಿಷ್ ಅಕ್ಷರಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದ್ದು ವಠಾರದ ಲೆಕ್ಕ. ನೆಲದ ಮೇಲೆ ಮನೆ, ಮೇಲೊಂದು ಅಟ್ಟ, ಕೆಳಗೊಂದು ನೆಲಮಾಳಿಗೆ. ‘ರಾಷ್ಟ್ರ’ದಂಥ ಪದ ಬಂದರೆ ನೆಲಮಾಳಿಗೆಯಲ್ಲೇ ಎರಡು ಸಂಸಾರ. ಅರ್ಕಾವತ್ತಂತೂ ಬರುತ್ತೇನೆಂದು ಮೊದಲೇ ಫೋನು ಮಾಡಿ ಊಟ ಮುಗಿದ ಮೇಲೆ ಬರುವ ನೆಂಟ. ಉಚ್ಚಾರದಲ್ಲಿ ಮುಂದೆ, ಬರಹದಲ್ಲಿ ಹಿಂದೆ. ಇಷ್ಟು ಜನ ಇಷ್ಟು ಚಿಕ್ಕ ಜಾಗದಲ್ಲಿ ಜಗಳವಾಡದೆ ಇರುವಂತೆ ನೋಡಿಕೊಳ್ಳುವುದೇ ಕನ್ನಡ ಅಕ್ಷರವಿನ್ಯಾಸಗಾರನ ಉದ್ಯೋಗ. ಮಿಕ್ಕದ್ದೆಲ್ಲ ಬಣ್ಣ.

ಸಾಗಣೆಯಲ್ಲಿ ಒಂದು ಭಾಗ ಪದೇ ಪದೇ ಕಳೆದುಹೋಗುತ್ತದೆ. ಅದು ಫ ಒತ್ತಿನ ಕೆಳಗಿನ ಸಣ್ಣ ಗೀರು. ಒಂದನೇ ತರಗತಿಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳಿದ ಪ’ ಎಂದು ಹೇಳಿಕೊಟ್ಟಿದ್ದು ಅದನ್ನೇ. ಅದು ಬಿದ್ದುಹೋದರೆ ಸ್ಫೂರ್ತಿ ‘ಸ್ಪೂರ್ತಿ’ಯಾಗುತ್ತದೆ. ಕೋಚಿಂಗ್ ಸೆಂಟರು, ಮಹಿಳಾ ಸಂಘ, ಚೊಚ್ಚಲ ಕವನ ಸಂಕಲನದ ಅರ್ಪಣೆಯ ಪುಟ, ಎಲ್ಲೆಲ್ಲೂ ಹೊಟ್ಟೆ ಸೀಳದ ಸ್ಪೂರ್ತಿಯೇ. ಮಾತಿನಲ್ಲಿ ಮಹಾಪ್ರಾಣವನ್ನು ನಾವು ಎಂದೋ ಬಿಟ್ಟುಕೊಟ್ಟಿದ್ದೇವೆ, ಇನ್ನು ಬರಹದಲ್ಲಿ ಅದನ್ನು ಯಾರು ಕಾಯುತ್ತಾರೆ? ಈ ಗೀರನ್ನು ಮರೆಯಬೇಡಿ. ಕೊನೆಯಲ್ಲಿ ಅದರಿಂದ ಕೆಲಸವಿದೆ.

ಯಾವುದೇ ಫಾಂಟು ಕೊಳ್ಳುವ ಮೊದಲು, ಅಥವಾ ಪುಕ್ಕಟೆ ಇಳಿಸಿಕೊಳ್ಳುವ ಮೊದಲು, ಅದರಲ್ಲಿ ಈ ಒಂದು ಪದವನ್ನು ಟೈಪಿಸಿ ನೋಡಿ. ‘ಅಆಇಈ’ ಬರೆದು ಮರುಳಾಗಬೇಡಿ. ಹೆಣ್ಣು ನೋಡುವ ದಿನ ಎಲ್ಲರೂ ಸೀರೆ ಸರಿಯಾಗಿಯೇ ಉಟ್ಟಿರುತ್ತಾರೆ. ಕನ್ನಡ ಫಾಂಟುಗಳಿಗೆ ಈಗ ಬರವಿಲ್ಲ. ಹೆಸರುಗಳನ್ನು ಸಾಲಾಗಿ ಓದಿದರೆ ಯಾವುದೋ ಸಂತೆಗೆ ಹೋಗಿ ಬಂದ ಹಾಗೆನಿಸುತ್ತದೆ: ಗುಬ್ಬಿ, ನವಿಲು, ಮಲ್ಲಿಗೆ, ಕೇದಗೆ, ಬೆಣ್ಣೆ, ತುಂಗಾ, ಹುಬ್ಬಳ್ಳಿ, ಬಾಲೂ ತಮ್ಮ. ಈ ತಮ್ಮನ ದುಂಡು ಮೈ ಕಂಡು ಊರಿನ ಐಸ್‌ಕ್ರೀಂ ಅಂಗಡಿಗಳೆಲ್ಲ ಅವನನ್ನೇ ಕರೆದುಕೊಂಡಿವೆ. ತಪ್ಪಲ್ಲ. ಶವಯಾತ್ರೆಯ ವಾಹನದ ಮೇಲೂ ಅವನನ್ನು ಕಂಡಾಗ ಮಾತ್ರ ನನಗೆ ಸ್ವಲ್ಪ ಇರುಸುಮುರುಸಾಯಿತು.

ಸುರಕ್ಷತಾ ಸೂಚನೆಗಳು

ರಾತ್ರಿ ಹನ್ನೊಂದರ ಮೇಲೆ ಅಂತರ್ಜಾಲದ ಚಿತ್ರಸಂತೆಗೆ ಇಳಿಯಬೇಡಿ. ‘ಅದ್ಭುತ ಲೋಗೋ 100’ ಎಂದು ಶುರುವಾಗಿದ್ದು ಮುಗಿಯುವಾಗ ಬೆಳಗಿನ ಜಾವ ಮೂರು. ನಿಮ್ಮ ಕೈಯಲ್ಲಿ ಮಿಕ್ಕಿರುವುದು ಪರರ ಹೊಳಹುಗಳ ಒಂದು ಮೂಟೆ ಮತ್ತು ಕುತ್ತಿಗೆ ನೋವು.

ಅಲ್ಲಿರುವುದು ಕೆಟ್ಟದ್ದೆಂದು ಹೇಳುತ್ತಿಲ್ಲ. ಲಿಂಡನ್ ಲೀಡರ್ 1994ರಲ್ಲಿ ಫೆಡ್‌ಎಕ್ಸ್‌ ಹೆಸರು ಬರೆದಾಗ ಇ ಮತ್ತು ಎಕ್ಸ್ ಅಕ್ಷರಗಳ ನಡುವಿನ ಬಿಳಿ ಜಾಗದಲ್ಲಿ ಒಂದು ಬಾಣವನ್ನು ಅಡಗಿಸಿಟ್ಟ. ಒಮ್ಮೆ ಕಂಡರೆ ಸಾಯುವವರೆಗೂ ಕಾಣುತ್ತಲೇ ಇರುತ್ತದೆ. ಮಿಲ್ಟನ್ ಗ್ಲೇಸರ್ 1976ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಯೊಂದರಲ್ಲಿ ಕೂತು, ಹರಿದ ಲಕೋಟೆಯ ಮೇಲೆ ಕೆಂಪು ಕ್ರೇಯಾನಿನಿಂದ ಊರಿನ ಹೆಸರಿನ ಜೊತೆ ಒಂದು ಹೃದಯ ಗೀಚಿದ. ಆ ಗೀಚು ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಬಾಣ ಹುಟ್ಟಿದ್ದು ಆ ಎರಡು ಅಕ್ಷರಗಳ ಕೋನಗಳಿಂದ. ನಮ್ಮ ರ, ಠ, ಲ ಗಳ ನಡುವೆ ಬಾಣ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಸಿಗುವುದು ಗುಂಡಿ, ಬಳೆ, ಒರಳು, ಚಕ್ಕುಲಿ. ಠ ನೋಡಿ: ನಡುವೆ ಚುಕ್ಕಿಯಿಟ್ಟ ಒಂದು ದುಂಡು. ಅದರಲ್ಲಿ ಕಣ್ಣಿದೆ, ಮೊಸರನ್ನದ ಮೇಲಿನ ದಾಳಿಂಬೆ ಕಾಳಿದೆ, ಹಣೆಯ ಬೊಟ್ಟಿದೆ. ತಾಳೆಗರಿಯ ಮೇಲೆ ಕಂಟದಿಂದ ಉದ್ದ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರಗಳು ದುಂಡಗಾದವು ಎಂದು ಹಿರಿಯರು ಹೇಳುವುದುಂಟು. ಹಾಗೆ ದುಂಡಗಾದದ್ದನ್ನು ಎಳೆದು ನೇರ ಮಾಡಿ, ಅಂಚು ಕತ್ತರಿಸಿ, ‘ಮಾಡರ್ನ್’ ಎಂದು ಕೊಡುವವರ ಮೇಲೆ ಗರಿಯ ಶಾಪವಿರಲಿ.

ಇನ್ನೊಂದು ಅಪಾಯವಿದೆ. ನಿಮ್ಮ ಗಿರಾಕಿಗೆ ಅಂತರ್ಜಾಲದಿಂದ ತಿಳಿದಿರುವ ಕಥೆ ಒಂದೇ: ನೈಕಿ ಕಂಪನಿಯ ಗೀರನ್ನು 1971ರಲ್ಲಿ ಕೆರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ 35 ಡಾಲರಿಗೆ ಮಾಡಿಕೊಟ್ಟಳು. ಆಮೇಲೆ ಕಂಪನಿ ಅವಳನ್ನು ಕರೆದು ಚಿನ್ನದ ಉಂಗುರ ಮತ್ತು ಷೇರುಗಳನ್ನು ಕೊಟ್ಟಿತು ಎಂಬ ಉತ್ತರಾರ್ಧ ಯಾವ ಗಿರಾಕಿಗೂ ತಲುಪಿಲ್ಲ. ಚೌಕಾಸಿಗೆ ಕೂರುವ ಮುನ್ನ ಉತ್ತರಾರ್ಧವನ್ನು ಬಾಯಿಪಾಠ ಮಾಡಿಕೊಳ್ಳಿ.

ಚಾಲನೆ

ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಬೆಂಗಳೂರಿನಲ್ಲಿದ್ದರೆ ಸುಲ್ತಾನ್‌ಪೇಟೆಯಿಂದ ಶುರು ಮಾಡಬಹುದು. ಮದುವೆ ಕಾರ್ಡುಗಳ ಅಂಗಡಿಗಳು ಒಂದರ ಪಕ್ಕ ಒಂದು ಅಂಟಿಕೊಂಡಿರುವ ಬೀದಿ ಅದು. ಯಾವುದಾದರೊಂದು ಅಂಗಡಿಯ ಬೆಂಚಿನ ಮೇಲೆ ಗಿರಾಕಿಯಂತೆ ಕೂತು ಕಿವಿ ತೆರೆದಿಡಿ. ಅಕ್ಷರದ ಗಾತ್ರ ಎಂದರೇನು ಎಂಬುದನ್ನು ಯಾವ ವಿನ್ಯಾಸ ಶಾಲೆಯೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ. ‘ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಅರ್ಧ ಪಾಯಿಂಟ್ ಆದರೂ ದಪ್ಪ ಇರಲಿ, ಇಲ್ಲದಿದ್ದರೆ ಅವರು ಮಂಟಪಕ್ಕೇ ಬರಲ್ಲ.’ ಗಣಪತಿಗೆ ಎಷ್ಟು ಜಾಗ, ಮನೆದೇವರಿಗೆ ಎಷ್ಟು, ವರನ ಬಿ.ಇ. ಪದವಿಗೆ ಎಷ್ಟು, ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಓದಿಯೂ ಓದದ ಹಾಗಿರಲು ಎಷ್ಟು ಸಣ್ಣದಿರಬೇಕು, ಇವೆಲ್ಲ ಆ ಬೆಂಚಿನ ಮೇಲೆ ತೀರ್ಮಾನವಾಗುತ್ತವೆ. ಕರಾವಳಿಯವರಾದರೆ ಯಕ್ಷಗಾನದ ಕರಪತ್ರ ಹಿಡಿಯಿರಿ. ಗುಲಾಬಿ ಅಥವಾ ಹಳದಿಯ ತೆಳು ಕಾಗದ. ಪ್ರಸಂಗದ ಹೆಸರು ರಾಕ್ಷಸನ ಕಿರೀಟದಷ್ಟು ದೊಡ್ಡದು, ಭಾಗವತರದು ಅದಕ್ಕಿಂತ ಕೊಂಚ ಕಡಿಮೆ, ಸ್ತ್ರೀವೇಷದವರದು, ಹಾಸ್ಯಗಾರರದು, ಹೀಗೆ ಇಳಿಯುತ್ತಾ ಇಳಿಯುತ್ತಾ ಧ್ವನಿವರ್ಧಕದವರ ಹೆಸರಿಗೆ ಬಂದಾಗ ಭೂತಗನ್ನಡಿ ಬೇಕು. ರಾತ್ರಿಯಿಡೀ ಕೂಗಿದವರು ಅವರೇ ಎಂಬುದು ಬೇರೆ ಮಾತು.

ಇದರ ವಿಕೃತ ರೂಪ ನೋಡಬೇಕಾದರೆ ಯಾವುದಾದರೂ ವೃತ್ತದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಹುಡುಕಿ. 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರು ಕೆಲವು ದಿನ ಬೆತ್ತಲಾದಂತೆ ಕಂಡಿತ್ತು. ಈಗ ಮತ್ತೆ ಬಟ್ಟೆ ತೊಟ್ಟಿದೆ. ನಡುವೆ ನಾಯಕ, ಸುತ್ತ ಅಂಚೆಚೀಟಿಯಷ್ಟು ಮುಖಗಳ ಹಾರ, ಪ್ರತಿ ಮುಖದ ಗಾತ್ರವೂ ಅವರವರು ಕೊಟ್ಟ ಚಂದಾದಷ್ಟೇ.

ಕನ್ನಡದಲ್ಲಿ ಮೊದಲು ಬೋರ್ಡು ‘ಬರೆಸುತ್ತಿದ್ದರು’. ಈಗ ಫ್ಲೆಕ್ಸು ‘ಹೊಡೆಸುತ್ತಾರೆ’. ಕ್ರಿಯಾಪದ ಬದಲಾದ ಜಾಗದಲ್ಲೇ ಕಸುಬೂ ಬದಲಾಯಿತು. ಬರೆಸುವುದರಲ್ಲಿ ಬರೆಯುವವನೊಬ್ಬ ಇದ್ದ; ಅವನ ಹತ್ತಿರ ಹೋಗಬೇಕು, ಅವನು ಬರುವತನಕ ಕಾಯಬೇಕು, ಅವನ ಮೂಡು ಕೆಟ್ಟರೆ ಬೋರ್ಡಿನ ಅಕ್ಷರವೂ ಸೊಟ್ಟ. ಹೊಡೆಸುವುದರಲ್ಲಿ ಯಂತ್ರ ಹೊಡೆಯುತ್ತದೆ, ಊರು ಹೊಡೆಸಿಕೊಳ್ಳುತ್ತದೆ. ಹಾಗೆಂದು ಹಳೆಯದೆಲ್ಲ ಚೆಂದವಿತ್ತೆಂದು ನಾನು ಕಣ್ಣೀರಿಡುವುದಿಲ್ಲ. ಒದ್ದೆ ಎನಾಮಲ್ಲು ಇಳಿದು ಅಳುತ್ತಿದ್ದ ‘ಸಂತೋಷ್ ಬೇಕರಿ’ಗಳನ್ನು ನಾನೂ ಕಂಡಿದ್ದೇನೆ.

ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆಯಿರಿ. ಎಲ್‌ಇಡಿ ಬೋರ್ಡು ಇನ್ನೂ ಬಾರದ ಒಂದು ಹಳೇ ಕೆಂಪು ಬಸ್ಸಿನ ಮುಂದೆ ನಿಂತು ಊರಿನ ಹೆಸರನ್ನು ನೋಡಿ. ಆ ಅಕ್ಷರ ಬರೆದವನಿಗೆ ಸಿಕ್ಕ ಹಲಗೆ ಮೊಳದುದ್ದ. ‘ಕಡೂರು’ ಬರೆಯಲು ಅದು ಧಾರಾಳ. ಅದೇ ಹಲಗೆಯಲ್ಲಿ ‘ಚಿಕ್ಕಮಗಳೂರು’ ಕೂರಿಸಬೇಕು, ಕೆಳಗೆ ‘ಮಾರ್ಗ’ ಎಂದು ಇನ್ನೆರಡು ಊರು ಸಣ್ಣಗೆ ತುರುಕಬೇಕು, ಕಂಕುಳಲ್ಲಿ ಮಗು ಸಿಕ್ಕಿಸಿಕೊಂಡು ಓಡಿ ಬರುವವಳಿಗೆ ಇಪ್ಪತ್ತು ಹೆಜ್ಜೆ ದೂರದಿಂದ ಕಾಣಬೇಕು. ಆತ ಏನು ಮಾಡಿದ್ದಾನೆ ನೋಡಿ. ‘ಕ್ಕ’ದ ಒತ್ತನ್ನು ಕುಗ್ಗಿಸಿ ಪಕ್ಕದ ‘ಮ’ನ ಬಸಿರಿಗೆ ಒರಗಿಸಿದ್ದಾನೆ, ‘ಳೂ’ವಿನ ದೀರ್ಘವನ್ನು ಮುಂದಿನ ‘ರು’ವಿನ ಹೆಗಲ ಮೇಲಿಟ್ಟಿದ್ದಾನೆ. ಯಾವ ಕಂಪ್ಯೂಟರಿಗೂ ಇಷ್ಟು ಧೈರ್ಯವಿಲ್ಲ. ಫಾಂಟಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅದೃಶ್ಯ ಪೆಟ್ಟಿಗೆ ಇರುತ್ತದೆ, ಆ ಪೆಟ್ಟಿಗೆಗಳು ಒಂದನ್ನೊಂದು ಮುಟ್ಟಿಸಿಕೊಳ್ಳಲು ಮಡಿ ಮಾಡುತ್ತವೆ. ಬೋರ್ಡು ಬರೆಯುವವನ ಕೈಗೆ ಆ ಮಡಿಯಿಲ್ಲ.

ಗಮನಿಸಿ: ಓದು ಬಂದವನಿಗೆ ಅಕ್ಷರ ಕಾಣುವುದಿಲ್ಲ, ಅರ್ಥ ಕಾಣುತ್ತದೆ. ಆದ್ದರಿಂದ ಚಾಲನೆಯ ಹಂತದಲ್ಲಿ ಸಾಧ್ಯವಾದಷ್ಟು ಅನಕ್ಷರಸ್ಥರಾಗಿರಿ. ಆಟೋದ ಕನ್ನಡಿಯಲ್ಲಿ ತಿರುಗುಮುರುಗಾದ ಬೋರ್ಡು ನೋಡಿ. ಹೋಟೆಲಿನ ಒಳಗೆ ಕೂತು ಗಾಜಿನ ಬೆನ್ನ ಕಡೆಯಿಂದ ಹೆಸರನ್ನು ನೋಡಿ. ಇನ್ನೂ ಒಳ್ಳೆಯದೆಂದರೆ ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋಗಿಬಿಡಿ. ಅಲ್ಲಿನ ತೆಲುಗು ಬೋರ್ಡುಗಳು ಗುರುತಿನವರ ಅಣ್ಣತಮ್ಮಂದಿರಂತಿರುತ್ತವೆ, ಮೈಕಟ್ಟು ಅದೇ, ತಲೆಕಟ್ಟು ಮಾತ್ರ ಮೇಷ್ಟ್ರು ಹಾಕಿದ ರೈಟ್ ಗುರುತಿನ ಹಾಗೆ ಮೇಲೆದ್ದು ನಿಂತಿರುತ್ತದೆ. ಓದಲು ತೊಡರುವ ಆ ಅರೆಗಳಿಗೆಯಲ್ಲಿ ಅಕ್ಷರದ ಮೈ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಕನ್ನಡದ ಮೊದಲ ಬೋರ್ಡು ಕಂಡಾಗ ‘ಓಹೋ, ನಮ್ಮ ತಲೆಕಟ್ಟು ಇಷ್ಟು ಚಪ್ಪಟೆಯೇ’ ಎಂದು ಅನ್ನಿಸದಿದ್ದರೆ ಬಸ್ ಚಾರ್ಜನ್ನು ನಮ್ಮಿಂದ ಕೇಳಬೇಡಿ.

ಬೆಳಿಗ್ಗೆ ಏಳೂವರೆಗೆ ಪೇಟೆಬೀದಿಯಲ್ಲಿದ್ದರೆ ಇನ್ನೊಂದು ಪ್ರಯೋಗ. ಅಂಗಡಿಯವರು ಶಟರ್ ಎತ್ತುವಾಗ ಅದರ ಮೇಲೆ ಬರೆದ ಹೆಸರು ಮೇಲಿನಿಂದ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಮೊದಲು ತಲೆಕಟ್ಟು ಹೋಗುತ್ತದೆ, ಗುಡಿಸು ಹೋಗುತ್ತದೆ. ಆದರೂ ಹೆಸರನ್ನು ಬಹುಮಟ್ಟಿಗೆ ಓದಬಹುದು, ಏಕೆಂದರೆ ತಲೆಕಟ್ಟು ಬಹುತೇಕ ಎಲ್ಲರಿಗೂ ಒಂದೇ. ನಮ್ಮಲ್ಲಿ ಗುರುತು ಇರುವುದು ಹೊಟ್ಟೆಯಲ್ಲಿ, ಕಾಲಲ್ಲಿ. ಅದೇ ಹೆಸರಿನ ಕೆಳಭಾಗಕ್ಕೆ ಒಂದು ಟೆಂಪೋ ಅಡ್ಡ ನಿಂತರೆ ಪ, ವ, ಮ ಯಾವುದೆಂದು ಬ್ರಹ್ಮನಿಗೂ ತಿಳಿಯದು. ಈ ಸತ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಾನೂನಿನ ಅಧ್ಯಾಯದಲ್ಲಿ ಬೇಕಾಗುತ್ತದೆ.

ಲಾಂಛನ ಎಂಬ ಉಪಸಾಧನ

ಲೋಗೋ ಎಂಬುದು ನಮಗೆ ಹೊಸದೇನಲ್ಲ, ಬಿಲ್ಲು ಕಳಿಸುವುದಷ್ಟೇ ಹೊಸದು. ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಹೊಯ್ಸಳರದ್ದು ಇವರೆಲ್ಲರಿಗಿಂತ ಜಾಣತನದ್ದು: ಹೆಸರಿನ ಕಥೆಯನ್ನೇ ಚಿತ್ರ ಮಾಡಿಬಿಟ್ಟರು. ಗುರು ‘ಹೊಯ್, ಸಳ’ ಎಂದ, ಸಳ ಮೃಗವನ್ನು ಹೊಯ್ದ, ಅಷ್ಟೇ. ಹೆಸರು ಗೊತ್ತಿದ್ದವನಿಗೆ ಚಿತ್ರ ತಿಳಿಯುತ್ತದೆ, ಚಿತ್ರ ನೋಡಿದವನಿಗೆ ಹೆಸರು ನೆನಪಾಗುತ್ತದೆ. ಬೇಲೂರಿನ ಚೆನ್ನಕೇಶವನ ಬಾಗಿಲಲ್ಲಿ ನಿಂತು ಅದನ್ನೊಮ್ಮೆ ನೋಡಿ ಬಂದರೆ ಲಕ್ಷಾಂತರ ರೂಪಾಯಿಯ ‘ಬ್ರಾಂಡ್ ಕಾರ್ಯಾಗಾರ’ ಉಳಿಯುತ್ತದೆ.

ಅಲ್ಲೇ ಇನ್ನೊಂದನ್ನೂ ನೋಡಿಕೊಂಡು ಬನ್ನಿ. ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವಿಯ ದಾಸೋಜ ಬೇಲೂರಿನಲ್ಲಿದ್ದಾನೆ, ಮಲ್ಲಿತಮ್ಮ ಸೋಮನಾಥಪುರದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತಾನೆ. ಬೋರ್ಡಿನ ಬಲ ಮೂಲೆಯಲ್ಲಿ ಕಿರುಬೆರಳಿನಷ್ಟು ಜಾಗದಲ್ಲಿ ‘ಆರ್ಟ್ಸ್’ ಎಂದು ಹೆಸರು ಹಾಕುತ್ತಿದ್ದವರು ಅದೇ ಪರಂಪರೆಯವರು. ಫ್ಲೆಕ್ಸಿನ ಮೂಲೆಯಲ್ಲಿ ಈಗ ಇರುವುದು ಫೋನ್ ನಂಬರು.

ಮನೆಯಲ್ಲೇ ಅಭ್ಯಾಸ ಮಾಡುವುದಾದರೆ ಬಚ್ಚಲಿಗೆ ಹೋಗಿ. ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ಕೈಗೆತ್ತಿಕೊಳ್ಳಿ. ಸರ್ಕಾರಿ ಕಾರ್ಖಾನೆಯ ಸೋಪು ಅದು. ಅದರ ಲಾಂಛನ ಶರಭ: ಸಿಂಹದ ಮೈ, ಆನೆಯ ತಲೆ. ರಾಜ್ಯದ ಮುದ್ರೆಯಲ್ಲಿ ಗಂಡಭೇರುಂಡದ ಆಚೀಚೆ ನಿಂತಿರುವುದೂ ಇಂಥವೇ. ಮೈ ತೊಳೆಯುವ ಸೋಪಿಗೂ ಪುರಾಣದ ಆ ಕಾವಲುಗಾರನಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿಲ್ಲ. ಆದರೆ ಆ ಪೆಟ್ಟಿಗೆಯನ್ನು ಯಾರಾದರೂ ‘ಫ್ರೆಶ್ ಲುಕ್’ ಕೊಡುತ್ತೇನೆಂದು ಮುಟ್ಟಲು ಬಂದರೆ ಮೊದಲು ನನ್ನ ಅತ್ತೆಯನ್ನು ದಾಟಿ ಹೋಗಬೇಕು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ನಾಯಿಯನ್ನು ಲಾಂಛನ ಮಾಡಿಕೊಂಡಿತ್ತು. ಹಣ ಇಡುವ ಜಾಗಕ್ಕೆ ನಾಯಿ! ಸಿಂಹ, ಹದ್ದು, ಗೋಪುರ ಎಂದು ಎಲ್ಲರೂ ಮೀಸೆ ತಿರುವುತ್ತಿದ್ದಾಗ ಮನೆ ಕಾಯುವ ಪ್ರಾಣಿಯನ್ನು ಹೊಸಿಲ ಮೇಲೆ ಕೂರಿಸಲು ಧೈರ್ಯ ಬೇಕು. 2020ರ ಏಪ್ರಿಲ್ ಒಂದರಂದು ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಖಾತೆಗಳೆಲ್ಲ ಆಚೆ ಮನೆಗೆ ಹೋದವು. ನಾಯಿ ಹೋಗಲಿಲ್ಲ.

ಕಾನೂನಿನ ಪ್ರಕಾರ ಹೊಂದಿಸುವುದು

ರಾಜ್ಯದ ಕಾನೂನಿಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕು, ಅದೂ ಮೇಲರ್ಧದಲ್ಲಿ. ನಾನು ಇದರ ಪರ. ಒಪ್ಪಿಕೊಂಡೇ ಹೇಳುತ್ತೇನೆ, ಆ ವರ್ಷದ ಫೆಬ್ರುವರಿಯಲ್ಲಿ ನಮ್ಮ ಅಕ್ಷರಗಳು ಪಟ್ಟ ಪಾಡನ್ನು ಶತ್ರುವೂ ಪಡಬಾರದು. ರಾತ್ರೋರಾತ್ರಿ ಇಂಗ್ಲಿಷ್ ಹೆಸರುಗಳಿಗೆ ಕನ್ನಡದ ಅಂಗಿ ಹೊಲಿಯಬೇಕಾಯಿತು. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಯಾವುದೋ ಒಂದು ಫಾಂಟನ್ನು ಹಿಡಿದು, 60 ತುಂಬುವತನಕ ಅಡ್ಡಕ್ಕೆ ಎಳೆದರು. ಎಳೆದಾಗ ದುಂಡು ಅಕ್ಷರ ದುಂಡಾಗಿ ಉಳಿಯುವುದಿಲ್ಲ; ಟಯರಿನ ಕೆಳಗೆ ಸಿಕ್ಕ ಲಾಡಿನಂತಾಗುತ್ತದೆ. ಇನ್ನು ಮೇಲರ್ಧದ ಸಂಕಟ. ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಇಟ್ಟರೆ ನಮ್ಮ ನೆಲಮಾಳಿಗೆ ಅವರ ತಾರಸಿಗೆ ತಾಗುತ್ತದೆ. ‘ಸ್ಟೋರ್ಸ್’ ಎಂಬುದರ ಟ ಒತ್ತು ಇಂಗ್ಲಿಷ್ ಅಕ್ಷರದ ತಲೆಗೆ ಗುದ್ದುತ್ತದೆ. ಆಗ ಏನು ಮಾಡಿದರು? ಒತ್ತನ್ನೇ ಕತ್ತರಿಸಿದರು. ಶಟರಿನ ಪಾಠ ನೆನಪಿದೆಯಲ್ಲ? ಕನ್ನಡದ ಕಾಲು ಕತ್ತರಿಸಿದರೆ ಅದು ಓದುವುದಕ್ಕೇ ಸಿಗುವುದಿಲ್ಲ. ಅಳತೆಪಟ್ಟಿ ಹಿಡಿದು ಬಂದವರು 60 ಇದೆ ಎಂದು ಬರೆದುಕೊಂಡು ಹೋದರು. ಅಳತೆಪಟ್ಟಿಗೆ ಓದಲು ಬರುವುದಿಲ್ಲ.

ಸರಿಯಾದ ವಿಧಾನ: ಮೊದಲು ಕನ್ನಡವನ್ನು ಬರೆಯಿರಿ. ಒತ್ತುಗಳು ಎಲ್ಲೆಲ್ಲಿ ಇಳಿಯುತ್ತವೆ ನೋಡಿ. ಆ ಒತ್ತುಗಳ ನಡುವಿನ ಖಾಲಿಯಲ್ಲಿ ಇಂಗ್ಲಿಷ್ ತಾನಾಗಿ ಹೋಗಿ ಕೂರುತ್ತದೆ, ಚಿಕ್ಕ ಮೈಯವರಿಗೆ ಎಲ್ಲಾದರೂ ಜಾಗ ಸಿಗುತ್ತದೆ. ಇದು ನನ್ನ ಆವಿಷ್ಕಾರವಲ್ಲ. ಹಳೇ ಬೋರ್ಡುಗಳಲ್ಲಿ ಹೀಗೆಯೇ ಇರುತ್ತಿತ್ತು.

ದೋಷ ಮತ್ತು ಪರಿಹಾರ

ದೋಷ: ‘ಕನ್ನಡ’ ಎಂದು ಟೈಪಿಸಿದ ಕಡತವನ್ನು ಪ್ರೆಸ್ಸಿನಲ್ಲಿ ತೆರೆದಾಗ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಮತ್ತು ಟೋಪಿ ಹಾಕಿಕೊಂಡ ಕೆಲವು ಎ ಅಕ್ಷರಗಳು ಕಾಣುತ್ತಿವೆ.
ಪರಿಹಾರ: ಗಾಬರಿ ಬೇಡ, ಭಾಷೆಗೇನೂ ಆಗಿಲ್ಲ. ಅದು ‘ನುಡಿ’ ತಂತ್ರಾಂಶದ ಹಳೆಯ ಸಂಕೇತದಲ್ಲಿದೆ, ಫಾಂಟು ಕಳಚಿಬಿದ್ದಿದೆ. ಯೂನಿಕೋಡಿಗೆ ಪರಿವರ್ತಿಸಿ. ನಮ್ಮ ಭಾಷೆ ಇಷ್ಟು ವರ್ಷ ಒಳಗೊಳಗೇ ಪೌಂಡುಗಳನ್ನು ಕೂಡಿಟ್ಟಿತ್ತು ಎಂದು ಹೆಮ್ಮೆಪಡಿ.

ದೋಷ: ಯೂನಿಕೋಡಿನಲ್ಲೇ ಕೊಟ್ಟರೂ ಒತ್ತುಗಳು ಮೇಲೆದ್ದು ನಿಂತಿವೆ, ನಡುನಡುವೆ ಚುಕ್ಕಿಗಳ ಬಳೆಯೊಂದು ಬಂದಿದೆ.
ಪರಿಹಾರ: ವಿನ್ಯಾಸದ ತಂತ್ರಾಂಶಕ್ಕೆ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆ ಇರುತ್ತದೆ, ಅದು ಆರಿದೆ, ಉರಿಸಿ. ಆ ಆಯ್ಕೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮದುವೆ ಮುಗಿದಿದ್ದರೆ ನಾಮಕರಣದ ಕಾರ್ಡಿಗೆ ಉಪಯೋಗವಾಗುತ್ತದೆ.

ದೋಷ: ಗಿರಾಕಿ ‘ಸ್ವಲ್ಪ ಎದ್ದು ಕಾಣೋ ಥರ ಮಾಡಿ’ ಎನ್ನುತ್ತಾರೆ.
ಪರಿಹಾರ: ಹಳದಿ, ಕೆಂಪು ಹಾಕಿ. ಒಪ್ಪುತ್ತಾರೆ. ನಿಮಗೆ ಮುಖ ತೋರಿಸಲು ನಾಚಿಕೆಯಾದರೆ ನಾಡಿನ ಬಾವುಟದ ಬಣ್ಣ ಎಂದುಬಿಡಿ.

ದೋಷ: ಕೈಯಲ್ಲಿ ಬರೆದ ಅಕ್ಷರ ‘ಪ್ರೊಫೆಶನಲ್’ ಆಗಿಲ್ಲ ಎಂಬ ದೂರು.
ಪರಿಹಾರ: ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸಿ ಅಲ್ಲ, ಕೈಯಲ್ಲಿ ಬರೆದ ಅಕ್ಷರವನ್ನು ಕಲ್ಲಿಗೆ ಇಳಿಸಿ. ನಮ್ಮ ಪತ್ರಿಕೋದ್ಯಮ ಶುರುವಾದದ್ದೇ ಕೈಬರಹದಿಂದ ಎಂದು ಗಿರಾಕಿಗೆ ತಿಳಿಸಿ. ಅವರು ‘ಹೌದಾ’ ಎನ್ನುತ್ತಾರೆ, ಮತ್ತೆ ಫಾಂಟು ಕೇಳುತ್ತಾರೆ. ಆದರೂ ತಿಳಿಸಿ.

ಖಾತರಿ

ಈ ಉಪಕರಣಕ್ಕೆ ಖಾತರಿ ಇಲ್ಲ. ಏಕೆಂಬುದಕ್ಕೆ ನನ್ನದೇ ಕಥೆ ಹೇಳಬೇಕು.

ನಮ್ಮ ಬಡಾವಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಒಬ್ಬರು ಹೊಸ ಅಂಗಡಿ ಮಾಡಿದರು. ಹೆಸರು, ನೀವು ಊಹಿಸಿದ್ದೇ. ಲೋಗೋ ಮಾಡಿಕೊಡಿ ಎಂದು ನನ್ನನ್ನು ಕೇಳಿದರು. ಮೂರು ವಾರ ತೆಗೆದುಕೊಂಡೆ. ಮೇಲೆ ಹೇಳಿದ ಸುರಕ್ಷತಾ ಸೂಚನೆಗಳನ್ನೆಲ್ಲ ಒಂದೊಂದಾಗಿ ಮುರಿದೆ. ಜಪಾನಿನ ಪೋಸ್ಟರು ನೋಡಿದೆ, ಸ್ವಿಟ್ಜರ್ಲೆಂಡಿನ ಅಕ್ಷರ ನೋಡಿದೆ, ಹೊಲಿಗೆ ಯಂತ್ರದ ಚಿತ್ರವನ್ನು ಹನ್ನೊಂದು ಬಗೆಯಲ್ಲಿ ಬರೆದೆ. ಅಷ್ಟರಲ್ಲಿ ಅವರಿಗೆ ಬೇಸರ ಬಂದು, ಇನ್ನೂ ಕುಂಚ ಬಿಡದ ಒಬ್ಬ ಹಿರಿಯ ಪೇಂಟರನ್ನು ಕರೆಸಿ ಬೋರ್ಡು ಬರೆಸಿಬಿಟ್ಟರು. ಬರೆಸಿಬಿಟ್ಟರು, ಹೊಡೆಸಲಿಲ್ಲ, ಅದಕ್ಕಾಗಿ ಕೋಪ ನುಂಗಿಕೊಂಡು ನೋಡಲು ಹೋದೆ.

ಆತ ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಹೊಡೆದು ಎರಡು ಗೆರೆ ಮೂಡಿಸಿದ್ದ. ಸೀಮೆಸುಣ್ಣದಲ್ಲಿ ಒಂದೇ ಸಲ ಗುರುತು. ಚಪ್ಪಟೆ ಕುಂಚದಲ್ಲಿ ಕಡುನೀಲಿ. ಸ ಬಂತು, ಕೊಂಬು ಬಂತು, ದೀರ್ಘ ಬಾಳೆಲೆಯ ತುದಿಯ ಹಾಗೆ ಬಾಗಿತು. ತಿ ಬಂತು, ನೆಂಟ ಅರ್ಕಾವತ್ತೂ ಬಂದ. ಒತ್ತನ್ನು ಮಾತ್ರ ಕೆಳಗಿನ ಗೆರೆ ದಾಟಿ ಬೋರ್ಡಿನ ಅಂಚಿನವರೆಗೂ ಇಳಿಯಬಿಟ್ಟಿದ್ದ. ‘ಅಲ್ಲಿ ಜಾಗ ಸಾಲಲ್ವಲ್ಲ’ ಎಂದೆ. ‘ಒತ್ತಿಗೆ ಉಸಿರಾಡಕ್ಕೆ ಬಿಡಬೇಕು ಸಾರ್’ ಎಂದ. ಚೆಂದವಿತ್ತು. ಆದರೆ ಅದು ಹೊಟ್ಟೆ ಸೀಳದ ಪ.

ನಾನು ಬಾಯಿ ತೆರೆಯುವ ಮೊದಲೇ ಬ್ಲೌಸು ಒಯ್ಯಲು ಬಂದಿದ್ದ ನಿವೃತ್ತ ಕನ್ನಡ ಟೀಚರು ಬೋರ್ಡಿನ ಕಡೆ ನೋಡಿ, ‘ಮಹಾಪ್ರಾಣ ಎಲ್ಲಿ?’ ಎಂದರು. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ದನಿ. ಪೇಂಟರು ತುಟಿ ಪಿಟ್ಟೆನ್ನದೆ ಏಣಿ ಹತ್ತಿದ. ನೀಲಿ ಡಬ್ಬಿಯನ್ನು ಆಗಲೇ ಮುಚ್ಚಿಯಾಗಿತ್ತು. ಕೈಗೆ ಸಿಕ್ಕಿದ್ದು ನೆರಳು ಹಾಕಲು ತಂದಿದ್ದ ಬೆಳ್ಳಿ ಬಣ್ಣ ಮತ್ತು ಅತಿ ಸಣ್ಣ ಕುಂಚ. ಒತ್ತಿನ ಹೊಟ್ಟೆಯಿಂದ ಕೆಳಕ್ಕೆ ಒಂದೇ ಒಂದು ಗೀರು ಎಳೆದ: ಮೇಲೆ ತುಸು ದಪ್ಪ, ಕೆಳಗೆ ಚೂಪು. ಇಳಿದು ಬಂದು ತಲೆ ಎತ್ತಿ ನೋಡಿದ. ನಾವೂ ನೋಡಿದೆವು. ನೀಲಿ ಬಟ್ಟೆಯೊಳಗಿಂದ ಬೆಳ್ಳಿಯ ಸೂಜಿಯೊಂದು ಆಗಷ್ಟೇ ಹೊರಬಂದಂತಿತ್ತು. ಬಾಗಿದ ಆ ದೀರ್ಘವೇ ಅದರ ದಾರ.

ಅಂಗಡಿಯವರು ಏನೂ ಮಾತಾಡಲಿಲ್ಲ. ಟೀಚರು ‘ಈಗ ಸರಿ’ ಎಂದು ಬ್ಲೌಸು ತೆಗೆದುಕೊಂಡು ಹೊರಟರು. ನಾನು ಮೊಬೈಲು ತೆಗೆದು ಫೋಟೋ ಹೊಡೆದೆ. ಅಂಗಡಿಯ ಚೀಲದ ಮೇಲೆ, ಬಿಲ್ಲಿನ ಮೇಲೆ, ಬಟ್ಟೆಯ ಕಾಲರಿನ ಚೀಟಿಯ ಮೇಲೆ ಇಂದು ಇರುವುದು ಅದೇ ಫೋಟೋದಿಂದ ನಾನು ತಿದ್ದಿ ತೆಗೆದ ಗುರುತು.

ಪೇಂಟರು ಕುಂಚ ಒರೆಸುತ್ತಾ, ‘ಬೋರ್ಡಿಂದು ಮೊದಲೇ ಮಾತಾಡಿರೋದು. ಹೊಟ್ಟೆ ಸೀಳಿದ್ದಕ್ಕೆ 50 ರೂಪಾಯಿ ಬೇರೆ’ ಎಂದ.

ಅಂಗಡಿಯವರು ಗಲ್ಲಾ ಎಳೆದು 50 ಎಣಿಸಿ ಅವನ ಕೈಗಿಟ್ಟರು. ಆಮೇಲೆ ಗಲ್ಲಾ ಮುಚ್ಚದೆಯೇ ನನ್ನ ಕಡೆ ತಿರುಗಿ ಕೇಳಿದರು: ‘ನಿಮ್ಮದು ಎಷ್ಟಾಯ್ತು?’